ಹಲ್ಲಿಗೆ ತಂತಿ ಹಾಕಿಸ್ತೀರಾ? ಬೇರಿನ ಕಡೆಗೂ ಗಮನ ಇರಲಿ



ನಿಮ್ಮ ಮಗಳಿಗೆ ಉಬ್ಬುಹಲ್ಲು ಇದೆಯೇ? ಮಗನ ಹಲ್ಲು ಸಾಲು ತಪ್ಪಿದೆಯೇ? ಡಾಕ್ಟರು ತಂತಿ ಹಾಕಿ ಸರಿ ಮಾಡ್ತಾರೆ. ಇದನ್ನೇ ಕ್ಲಿಪ್ ಹಾಕಿಸೋದು ಅಂತೀವಿ. ಇದು ಒಳ್ಳೆಯ ಚಿಕಿತ್ಸೆ. ಆದರೆ ಇದರಲ್ಲಿ ಒಂದು ಅಪಾಯವೂ ಇದೆ. ಅದನ್ನು ತಿಳಿದುಕೊಂಡು ಹಾಕಿಸಬೇಕು.

ಹಲ್ಲು ಹೇಗೆ ಸರಿಯುತ್ತೆ?

ಬಾಯಲ್ಲಿ ಕಾಣೋದು ಹಲ್ಲಿನ ತಲೆ ಮಾತ್ರ. ಬೇರು ದವಡೆಯ ಮೂಳೆಯೊಳಗೆ ಇರುತ್ತೆ. ಬೇರಿಗೂ ಮೂಳೆಗೂ ನಡುವೆ ತೆಳ್ಳನೆಯ ಪೊರೆ ಇದೆ. ಅದರಲ್ಲಿ ಸಣ್ಣ ರಕ್ತನಾಳಗಳಿವೆ. ತಂತಿ ಹಲ್ಲನ್ನು ಮೆಲ್ಲಗೆ ಒತ್ತುತ್ತೆ. ಒತ್ತಿದ ಕಡೆ ಮೂಳೆ ಕರಗುತ್ತೆ. ಹಿಂದಿನ ಕಡೆ ಹೊಸ ಮೂಳೆ ಬೆಳೆಯುತ್ತೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿಯುತ್ತೆ. ಅದಕ್ಕೇ ಒಂದೂವರೆ, ಎರಡು ವರ್ಷ ಬೇಕು.

ಕೊಂಬೈ, ಕಂಬಂ ಕಡೆಯವರು ದ್ರಾಕ್ಷಿ ಚಪ್ಪರ ನೋಡಿದವರು. ಎಳೆ ಬಳ್ಳಿಯನ್ನು ಸಡಿಲವಾಗಿ ಕಟ್ಟಿ ಹಬ್ಬಿಸ್ತೀವಿ. ಬಿಗಿದು ಕಟ್ಟಿದರೆ ದಾರ ಬಳ್ಳಿಯನ್ನೇ ಕೊಯ್ಯುತ್ತೆ. ಹಲ್ಲೂ ಹಾಗೆಯೇ.

ಬೇರಿಗೆ ಏನಾಗುತ್ತೆ?

ಒತ್ತಡ ಹೆಚ್ಚಾದರೆ ಪೊರೆಯ ರಕ್ತನಾಳಗಳು ಅಮುಕಿಹೋಗುತ್ತವೆ. ರಕ್ತ ಸಿಗದ ಭಾಗ ಸಾಯುತ್ತೆ. ಸತ್ತ ಭಾಗವನ್ನು ತೆಗೆಯಲು ದೇಹದ ಜೀವಕೋಶಗಳು ಬರುತ್ತವೆ. ಅವು ಕಸದ ಜೊತೆ ಬೇರನ್ನೂ ಸ್ವಲ್ಪ ಕರಗಿಸುತ್ತವೆ. ಬೇರು ಗಿಡ್ಡವಾಗುತ್ತೆ.

ಹೆದರಬೇಡಿ. ಹೆಚ್ಚಿನವರಿಗೆ 1-2 ಮಿಲಿಮೀಟರ್ ಒಳಗೇ ಕರಗೋದು. ಅದರಿಂದ ತೊಂದರೆಯಿಲ್ಲ. ಕೆಲವರಿಗೆ ಮಾತ್ರ ಹೆಚ್ಚು ಕರಗಿ ಹಲ್ಲು ಅಲುಗಾಡಬಹುದು. ಮೇಲಿನ ಮುಂದಿನ ಹಲ್ಲುಗಳಿಗೆ ಈ ಅಪಾಯ ಜಾಸ್ತಿ. ಹಿಂದೆ ಪೆಟ್ಟು ಬಿದ್ದ ಹಲ್ಲಿಗೂ ಜಾಸ್ತಿ.

ಬೇರು ಕರಗುವಾಗ ನೋವು ಇರಲ್ಲ. ಕಣ್ಣಿಗೂ ಕಾಣಲ್ಲ. ಎಕ್ಸ್‌ರೇಯಲ್ಲಿ ಮಾತ್ರ ಕಾಣುತ್ತೆ. 1927ರಲ್ಲಿ ಅಮೆರಿಕದ ಕೆಚಮ್ ಎಂಬ ದಂತ ವೈದ್ಯರು ಇದನ್ನು ಎಕ್ಸ್‌ರೇಯಿಂದಲೇ ತೋರಿಸಿಕೊಟ್ಟರು. ಒತ್ತಡ ನಿಲ್ಲಿಸಿದರೆ ಕರಗೋದೂ ಸಾಮಾನ್ಯವಾಗಿ ನಿಲ್ಲುತ್ತೆ. ಆದರೆ ಹೋದ ಉದ್ದ ತಿರುಗಿ ಬರಲ್ಲ.

ನೀವು ಏನು ಮಾಡಬೇಕು?

1. ಹಲ್ಲು ಸರಿಪಡಿಸೋದನ್ನೇ ಓದಿದ ಡಾಕ್ಟರ ಬಳಿ ಹೋಗಿ.

2. ತಂತಿ ಹಾಕುವ ಮುಂಚೆ ಎಕ್ಸ್‌ರೇ ಬೇಕು. ನಡುವೆಯೂ ಒಮ್ಮೆ ಬೇಕು. "ಬೇರು ಹೇಗಿದೆ ಡಾಕ್ಟ್ರೇ?" ಅಂತ ಕೇಳಿ. ಕೇಳೋದು ತಪ್ಪಲ್ಲ.

3. ಹಿಂದೆ ಹಲ್ಲಿಗೆ ಪೆಟ್ಟು ಬಿದ್ದಿದ್ದರೆ ಮೊದಲೇ ಹೇಳಿ.

4. "ಮದುವೆಗೆ ಮೂರೇ ತಿಂಗಳು, ಬಿಗಿಯಾಗಿ ಹಾಕಿಬಿಡಿ" ಅಂತ ಒತ್ತಾಯ ಮಾಡಬೇಡಿ. ಮದುವೆ ಒಂದು ದಿನದ್ದು. ಹಲ್ಲು ಬಾಳಪೂರ್ತಿ ಬೇಕು.

5. ಏಲಕ್ಕಿ ತೋಟದ ಕೂಲಿ ತಪ್ಪುತ್ತೆ ಅಂತ ತಿಂಗಳುಗಟ್ಟಲೆ ಡಾಕ್ಟರ ಬಳಿ ಹೋಗದೆ ಇರಬೇಡಿ. ತಂತಿ ಒಳಗೆ ಏನು ಮಾಡ್ತಿದೆ ಅಂತ ನೋಡೋರು ಬೇಕು.

6. ಬೇರು ಕರಗಿದ್ದು ಕಂಡರೆ ಡಾಕ್ಟರು ಕೆಲವು ತಿಂಗಳು ಒತ್ತಡ ನಿಲ್ಲಿಸಬಹುದು. ಆಗ ಅವಸರ ಮಾಡಬೇಡಿ.

7. ಹಲ್ಲಿನ ಸಂದಿ ಮುಚ್ಚಲು ಮನೆಯಲ್ಲೇ ರಬ್ಬರ್ ಬ್ಯಾಂಡ್ ಹಾಕಲೇಬೇಡಿ. ಅದು ವಸಡಿನೊಳಗೆ ಜಾರಿ ಬೇರಿನ ಸುತ್ತಲ ಮೂಳೆಯನ್ನು ಹಾಳುಮಾಡುತ್ತೆ. ಗಟ್ಟಿ ಹಲ್ಲೇ ಬಿದ್ದುಹೋಗಬಹುದು.

ಈಗ ನಿಮಗೆ ಓದೋಕೆ ಬರುತ್ತೆ. ಡಾಕ್ಟರ ಚೀಟಿಯಲ್ಲಿರುವ ತಾರೀಖನ್ನು ನೀವೇ ಓದಿ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನ ಮಗುವನ್ನು ಕರೆದುಕೊಂಡು ಹೋಗಿ. ಹಳೆಯ ಎಕ್ಸ್‌ರೇಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಹೊಸದರ ಜೊತೆ ಹೋಲಿಸಿ ನೋಡೋಕೆ ಅದು ಬೇಕಾಗುತ್ತೆ.

ನೆನಪಿಡಿ: ಸಾಲು ನೆಟ್ಟಗಿದ್ದರೆ ಸಾಲದು, ಬೇರೂ ಗಟ್ಟಿಯಾಗಿರಬೇಕು.