ಮೆಚ್ಚಿದ ಕಥೆಯೂ ಓದುಗನ ಕೈಕೆಲಸವೂ

ಮನಸ್ಸಿಗೆ ಹಿಡಿದ ಕಥೆಯು ಪುಸ್ತಕ ಮುಚ್ಚಿದೊಡನೆ ಮುಗಿಯುವುದಿಲ್ಲ. ಇಂಗ್ಲೆಂಡಿನ ವಿದ್ವಾಂಸರಾದ ಟೋಲ್ಕಿನ್ನರು ೧೯೫೪-೫೫ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಅದ್ಭುತ ಕಥೆಯೇ ಇದಕ್ಕೆ ನಿದರ್ಶನ. ಓದಿದವರಲ್ಲಿ ಕೆಲವರು ಅದರ ಪಾತ್ರಗಳನ್ನು ಚಿತ್ರಿಸಿದರು. ಕೆಲವರು ಬಟ್ಟೆ, ರಟ್ಟುಗಳಿಂದ ಆ ಪಾತ್ರಗಳ ವೇಷ ಕಟ್ಟಿದರು. ಮತ್ತೆ ಕೆಲವರು ಅವೇ ಪಾತ್ರಗಳಿಂದ ಹೊಸ ಕಥೆ ಹೆಣೆದರು. ಇಂತಹ ವೇಷಕ್ಕೆ ‘ಕಾಸ್‌ಪ್ಲೇ’ ಎಂದೂ, ಕಥೆಗೆ ‘ಫ್ಯಾನ್ ಫಿಕ್ಷನ್’ ಎಂದೂ ಹೆಸರು.

ಇದನ್ನು ಕಾಲಹರಣವೆನ್ನುವವರುಂಟು, ನಾವು ಹಾಗೆಣಿಸುವುದಿಲ್ಲ. ಡೆನ್ಮಾರ್ಕಿನ ಯುವರಾಣಿ ಮಾರ್ಗ್ರೆಥೆಯವರು ೧೯೭೦ರ ಸುಮಾರಿಗೆ ಈ ಕಥೆಗೆ ತಾವು ಬರೆದ ಚಿತ್ರಗಳನ್ನು ಟೋಲ್ಕಿನ್ನರಿಗೆ ಕಳುಹಿಸಿದರು, ೧೯೭೨ರಲ್ಲಿ ರಾಣಿಯಾದರು. ಅವುಗಳನ್ನು ಕಲಾವಿದ ಎರಿಕ್ ಫ್ರೇಸರರು ಮತ್ತೆ ಬರೆಯಲು, ೧೯೭೭ರಲ್ಲಿ ಲಂಡನ್ನಿನ ಫೋಲಿಯೋ ಸೊಸೈಟಿಯ ಆವೃತ್ತಿಯಲ್ಲಿ ಅಚ್ಚಾದವು. ರಾಣಿಯವರು ಅಲ್ಲಿ ‘ಇಂಗಹಿಲ್ಡ್ ಗ್ರಾಥ್ಮರ್’ ಎಂಬ ಗುಪ್ತನಾಮವನ್ನಿಟ್ಟುಕೊಂಡಿದ್ದರು.

ವ್ಯಾಸರ ಕಥೆಯಲ್ಲಿ ಅರ್ಜುನನನ್ನೇ ನಾಯಕನಾಗಿಸಿ ಪಂಪನು ಹೊಸ ಕಾವ್ಯ ಕಟ್ಟಲಿಲ್ಲವೇ ಎಂದು ನೀವು ಕೇಳಬಹುದು. ಭೇದವೊಂದುಂಟು. ಭಾರತಕಥೆ ಸರ್ವರ ಸೊತ್ತು. ಟೋಲ್ಕಿನ್ನರು ತೀರಿಕೊಂಡದ್ದು ೧೯೭೩ರಲ್ಲಿ. ನಮ್ಮ ದೇಶದ ಕಾಯಿದೆಯಂತೆ ಕರ್ತೃವಿನ ಮರಣಾನಂತರ ೬೦ ವರ್ಷ, ಎಂದರೆ ೨೦೩೩ರ ಕೊನೆಯವರೆಗೆ, ಕೃತಿಯ ಹಕ್ಕು ಹಕ್ಕುದಾರರದು. ಅವರ ಅನುಮತಿಯಿಲ್ಲದೆ ಅಂತಹ ಕಥೆಯನ್ನು ಅಚ್ಚು ಹಾಕಿಸಿ ಮಾರಲಾಗದು.

ಸ್ವಂತ ಅಭ್ಯಾಸಕ್ಕಾಗಿ ನೋಟುಪುಸ್ತಕದಲ್ಲಿ ಬರೆಯಲು ಅಡ್ಡಿಯಿಲ್ಲ. ಧಾರಾಳವಾಗಿ ಬರೆಯಿರಿ, ಮೇಲೆ ಮೂಲ ಕರ್ತೃವಿನ ಹೆಸರಿರಲಿ, ಕೆಳಗೆ ನಿಮ್ಮದು.