ಬಸ್ಸು ಹತ್ತುವ ಮಕ್ಕಳು, ಕಾಯುವ ಊರು

ಜೂನ್ ತಿಂಗಳ ಒಂದು ಬೆಳಿಗ್ಗೆ. ಮೂಡಿಗೆರೆಯ ಬಸ್ ನಿಲ್ದಾಣ. ಹಿಂದಿನ ರಾತ್ರಿ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಚಾರ್ಮಾಡಿ ಘಾಟಿ ಇಳಿದು ಹೋಗುವ ಬಸ್ಸಿಗಾಗಿ ಕಾಯುತ್ತಿರುವವರಲ್ಲಿ ಅರ್ಧಕ್ಕರ್ಧ ಹದಿನಾರು ಹದಿನೇಳರ ಮಕ್ಕಳು. ಕೈಯಲ್ಲಿ ಹೊಸ ಬ್ಯಾಗು, ಹಾಸಿಗೆ ಸುರುಳಿ, ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ ಬಾಟಲಿ, ಮರೆಯದೆ ಒಂದು ಪೊಟ್ಟಣ ಕಾಫಿ ಪುಡಿ. ಎಸ್ಸೆಸ್ಸೆಲ್ಸಿ ಮುಗಿಯಿತು. ಇನ್ನು ಉಜಿರೆ, ಮೂಡುಬಿದಿರೆ, ಮಂಗಳೂರಿನ ಹಾಸ್ಟೆಲು. ಆಮೇಲೆ ಬೆಂಗಳೂರು. ಆಮೇಲೆ ಎಲ್ಲಿಗೋ!

ಕಾಫಿ ಸೀಮೆಯ ಸಣ್ಣ ಊರುಗಳಲ್ಲಿ ವರ್ಷವರ್ಷವೂ ಕಾಣುವ ದೃಶ್ಯವಿದು. ಊರು ತನ್ನ ಮಕ್ಕಳನ್ನು ಓದಿಸುತ್ತದೆ. ಚೆನ್ನಾಗಿ ಓದಿದವರನ್ನು ಮೊದಲು ಕಳುಹಿಸಿಕೊಡುತ್ತದೆ. ಊರಲ್ಲೇ ಉಳಿದವನನ್ನು ಕಂಡರೆ, 'ಯಾಕೆ, ಎಲ್ಲೂ ಸೀಟು ಸಿಗಲಿಲ್ಲವಾ?' ಎಂದು ಕೇಳುತ್ತದೆ. ಹೋಗುವುದು ಗೆಲುವು, ಉಳಿಯುವುದು ಸೋಲು ಎಂಬ ಈ ಲೆಕ್ಕವನ್ನು ಹಾಕಿಕೊಟ್ಟವರು ಯಾರು? ಅದು ಎಷ್ಟರಮಟ್ಟಿಗೆ ಸರಿ?

ಅದೇ ನಿಲ್ದಾಣದಲ್ಲಿ ಒಂದಿಷ್ಟು ಹೊತ್ತು ನಿಂತರೆ ಇನ್ನೊಂದು ದೃಶ್ಯವೂ ಕಾಣುತ್ತದೆ. ಎದುರಿನಿಂದ ಬಂದ ಬಸ್ಸಿನಿಂದ ಬೇರೆ ಜಿಲ್ಲೆಗಳ ಹುಡುಗ ಹುಡುಗಿಯರು ಇಳಿಯುತ್ತಾರೆ. ಅವರು ಬಂದದ್ದು ಮೂಡಿಗೆರೆಯ ತೋಟಗಾರಿಕೆ ಕಾಲೇಜಿಗೆ. ಬಯಲುಸೀಮೆಯ ಮಕ್ಕಳು ಸ್ಪರ್ಧೆಯಲ್ಲಿ ಗೆದ್ದು ಕಾಫಿ, ಮೆಣಸು, ಏಲಕ್ಕಿಯನ್ನು ಕಲಿಯಲು ಇಲ್ಲಿಗೆ ಬರುತ್ತಿದ್ದರೆ, ಅವುಗಳ ನಡುವೆಯೇ ಹುಟ್ಟಿದ ಮಕ್ಕಳು ಘಾಟಿ ಇಳಿಯುತ್ತಿದ್ದಾರೆ. ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಹೇಳಿದ್ದು ಬೆಟ್ಟದ ಮೇಲೆ ಇರುವವರಿಗೂ ಅನ್ವಯಿಸುತ್ತದೆ!

ಎಲ್ಲರಿಗೂ ಎಲ್ಲರೂ ಗೊತ್ತು

ಮೂಡಿಗೆರೆ ದೊಡ್ಡ ಊರೇನಲ್ಲ. 2001ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ ಒಂಬತ್ತು ಸಾವಿರದ ಆಸುಪಾಸು. ತಾಲ್ಲೂಕು ಕೇಂದ್ರವಾದರೂ ಆಡಳಿತಕ್ಕೆ ಪಟ್ಟಣ ಪಂಚಾಯಿತಿ. ರೈಲಿಲ್ಲ. ಸುಮಾರು 30 ಕಿಲೋಮೀಟರ್ ದೂರದ ಜಿಲ್ಲಾ ಕೇಂದ್ರ ಚಿಕ್ಕಮಗಳೂರಿಗೇ ಕಡೂರಿನಿಂದ ರೈಲು ಬಂದದ್ದು 2013ರಲ್ಲಿ. ಆದರೆ ಪೇಟೆಬೀದಿಯಲ್ಲಿ ಕಿವಿಗೆ ಬೀಳುವ ಭಾಷೆಗಳನ್ನು ಎಣಿಸಿ: ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮಲಯಾಳ, ತಮಿಳು. ಈಚಿನ ವರ್ಷಗಳಲ್ಲಿ ತೋಟದ ಕೆಲಸಕ್ಕೆ ಬಂದವರಿಂದಾಗಿ ಅಸ್ಸಾಮಿಯೂ ಸೇರಿದೆ.

ಇಲ್ಲಿ ಮನೆಗೆ ನಂಬರು ಬೇಕಿಲ್ಲ. 'ಯಾರ ಮನೆ ಹುಡುಗ ನೀನು?' ಎಂಬ ಒಂದು ಪ್ರಶ್ನೆ ಸಾಕು. ಅಪ್ಪ, ಅಜ್ಜ, ತೋಟ ಎಲ್ಲವೂ ಹೊರಬೀಳುತ್ತವೆ. ಅಂಗಡಿಯ ಸಾಲದ ಪುಸ್ತಕ ಕಾಫಿ ಮಾರುವವರೆಗೂ ಕಾಯುತ್ತದೆ. ಮನೆಯಲ್ಲಿ ಕಾಯಿಲೆಯಾದರೆ ಪಕ್ಕದ ಮನೆಯ ಜೀಪು ಕೇಳುವ ಮೊದಲೇ ಬಾಗಿಲಿಗೆ ಬಂದಿರುತ್ತದೆ.

ಇದರ ಇನ್ನೊಂದು ಮುಖವನ್ನು ಮುಚ್ಚಿಡುವುದು ಬೇಡ. ಫೇಲಾದದ್ದು ಫಲಿತಾಂಶ ಬಂದ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಹುಡುಗಿಯೊಬ್ಬಳು ಸಹಪಾಠಿಯೊಂದಿಗೆ ಎರಡು ಮಾತು ಆಡಿದರೆ ಆ ಸುದ್ದಿ ಅವಳಿಗಿಂತ ಮೊದಲು ಮನೆ ತಲುಪಿರುತ್ತದೆ. ಎಲ್ಲರೂ ಬಲ್ಲ ಊರಿನಲ್ಲಿ ತನ್ನ ಪಾಡಿಗೆ ತಾನಿರುವುದು ಕಷ್ಟ. ಮಕ್ಕಳು ಬಸ್ಸು ಹತ್ತಲು ಕಾಲೇಜೊಂದೇ ಕಾರಣವಲ್ಲ ಎಂಬುದನ್ನು ತಂದೆತಾಯಿಯರು ಅರಿತರೆ ಒಳ್ಳೆಯದು.

ಸೆಂಟು ಲೆಕ್ಕದ ಮಳೆ

ಬೇರೆ ಕಡೆ ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಕಾಫಿ ಸೀಮೆಯ ಮಾತಿನಲ್ಲಿ ಇಂದಿಗೂ ಇಂಚು, ಸೆಂಟು. ನೂರು ಸೆಂಟಿಗೆ ಒಂದಿಂಚು. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಎಲ್ಲರ ಕಣ್ಣೂ ಆಕಾಶದ ಮೇಲೆ. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟವಿಡೀ ಬೆಳ್ಳಗೆ ಅರಳಿ ನಿಲ್ಲುತ್ತದೆ. ಮಲ್ಲಿಗೆಯಂಥ ಘಮ ಊರೊಳಗೂ ನುಗ್ಗುತ್ತದೆ. ಎರಡು ಮೂರು ದಿನ, ಅಷ್ಟೇ. ಆ ಬಳಿಕ ಇನ್ನೊಂದು ಹದಮಳೆ ಬಿದ್ದು ಕಾಯಿ ಕಚ್ಚಬೇಕು. ಸರಿಯಾಗಿ ಅದೇ ಹೊತ್ತಿಗೆ ಮಕ್ಕಳಿಗೆ ವಾರ್ಷಿಕ ಪರೀಕ್ಷೆ. ಮಗಳು ಒಳಗೆ ಕುಳಿತು ಬೀಜಗಣಿತ ಬಿಡಿಸುತ್ತಿದ್ದರೆ, ಜಗಲಿಯಲ್ಲಿ ಅಪ್ಪ ಮೋಡದ ಲೆಕ್ಕ ಹಾಕುತ್ತಾರೆ. ಅವಳ ಮುಂದಿನ ವರ್ಷದ ಫೀಸು ನಿಂತಿರುವುದು ಆ ಲೆಕ್ಕದ ಮೇಲೆಯೇ.

ಮಳೆಯೊಂದೇ ಸಾಲದು, ದೂರದೇಶದ ಹವೆಯೂ ಒದಗಬೇಕು. 1990ರ ದಶಕದವರೆಗೆ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಕೊಟ್ಟು, ಕಂತಿನ ಹಣಕ್ಕೆ ಕಾಯುತ್ತಿದ್ದರು. 1992ರಿಂದ ಹಂತಹಂತವಾಗಿ ಸಡಿಲವಾದ ಆ ವ್ಯವಸ್ಥೆ 1996ರ ಹೊತ್ತಿಗೆ ಕೊನೆಗೊಂಡಿತು. ಈ ನಡುವೆ, 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಗಿಡಗಳು ಸುಟ್ಟುಹೋದವು, ಇಲ್ಲಿ ಬೆಲೆ ಗಗನಕ್ಕೇರಿತು. ಅಲ್ಲಿ ಹಿಮ ಬಿದ್ದರೆ ಇಲ್ಲಿ ಮಗನಿಗೆ ಎಂಜಿನಿಯರಿಂಗ್ ಸೀಟು! ಆದರೆ 2001-02ರ ವೇಳೆಗೆ ಬೆಲೆ ನೆಲಕಚ್ಚಿದಾಗ ಅನೇಕ ಸಣ್ಣ ಬೆಳೆಗಾರರು ಸಾಲದಲ್ಲಿ ಮುಳುಗಿದರು. 'ಈ ತೋಟ ನಿನಗೆ ಬೇಡ, ಓದಿ ಎಲ್ಲಾದರೂ ಹೋಗು' ಎಂಬ ಮಾತು ಆ ವರ್ಷಗಳಲ್ಲಿ ಬೆಳೆದ ಮಕ್ಕಳ ಕಿವಿಯಲ್ಲಿ ಗಟ್ಟಿಯಾಗಿ ಕೂತಿತು. ಆ ಬಳಿಕ ಬೆಲೆ ಮತ್ತೆ ಏರಿ 2024-25ರಲ್ಲಿ ದಾಖಲೆ ಮಟ್ಟ ಮುಟ್ಟಿತು. ಕಿವಿಯಲ್ಲಿ ಕೂತ ಮಾತು ಮಾತ್ರ ಹಾಗೇ ಇದೆ.

ದೂರದ ಬೆಲೆ

ಊರು ಬಿಡುವವರ ವಾದವೂ ಪೊಳ್ಳಲ್ಲ. ನಡುರಾತ್ರಿ ಎದೆನೋವು ಬಂದರೆ ದೊಡ್ಡ ಆಸ್ಪತ್ರೆ ಇರುವುದು ಮಂಗಳೂರಿನಲ್ಲಿ, ಘಾಟಿಯ ತಿರುವುಗಳನ್ನೆಲ್ಲ ದಾಟಿ ನೂರು ಕಿಲೋಮೀಟರಿಗೂ ಆಚೆ. 2019ರ ಆಗಸ್ಟ್‌ನ ಮಳೆಗೆ ತಾಲ್ಲೂಕಿನ ಹಲವೆಡೆ ಗುಡ್ಡಗಳೇ ಜಾರಿದವು. ಚಾರ್ಮಾಡಿ ರಸ್ತೆ ಕುಸಿದು ಸಂಚಾರ ನಿಂತಿತು. ಹಿಂದೆ ಮೂಡಿಗೆರೆ ತಾಲ್ಲೂಕಿನಲ್ಲಿದ್ದು ಈಚೆಗೆ ಬೇರೆ ತಾಲ್ಲೂಕಾದ ಕಳಸದ ಬಳಿ, ಭದ್ರೆ ಉಕ್ಕಿದಳೆಂದರೆ ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಮುಳುಗುತ್ತದೆ. ಪಟ್ಟಣದ ಮಕ್ಕಳಿಗೆ ಮಳೆ ರಜೆ ಎಂದರೆ ಆಟ. ಇಲ್ಲಿಯ ಮಕ್ಕಳಿಗೆ ಅದು ದಾರಿ ಇಲ್ಲದ ದಿನ. ಸಾಲದ್ದಕ್ಕೆ ಕಾಡಾನೆಗಳ ಭಯ. ಮೂಡಿಗೆರೆ ತಾಲ್ಲೂಕಿನಲ್ಲಿ ಆನೆ ದಾಳಿಗೆ ಜೀವಗಳೇ ಹೋಗಿವೆ. ತೋಟದ ನಡುವೆ ಕಾಲುದಾರಿಯಲ್ಲಿ ಶಾಲೆಗೆ ನಡೆಯುವ ಮಗು ಸಂಜೆ ಮನೆ ಮುಟ್ಟುವವರೆಗೆ ತಾಯಿಯ ಜೀವ ಕೈಯಲ್ಲಿರುತ್ತದೆ.

ಹಾಗೆ ನಡೆಯುವವರಲ್ಲಿ ಹೆಚ್ಚಿನವರು ತೋಟದ ಲೈನ್ ಮನೆಗಳ ಮಕ್ಕಳು. ಜಗಲಿಯಲ್ಲಿ ಕೂತು ಮಳೆ ಎಣಿಸುವ ತೋಟ ಅವರಿಗಿಲ್ಲ, ಹಾಸ್ಟೆಲಿಗೆ ಕಟ್ಟುವ ಹಣವೂ ಇಲ್ಲ. ಕೊಯ್ಲಿನ ಕಾಲದಲ್ಲಿ ಅಪ್ಪ ಅಮ್ಮ ಇಬ್ಬರೂ ಹಣ್ಣು ಕೊಯ್ಯಲು ಹೋದರೆ ಪುಟ್ಟ ತಂಗಿಯನ್ನು ನೋಡಿಕೊಳ್ಳಬೇಕಾದವರು ಇವರೇ. ಸಣ್ಣ ಊರಿನ ಸರ್ಕಾರಿ ಶಾಲೆ, ಕಾಲೇಜು ಚೆನ್ನಾಗಿರಬೇಕಾದದ್ದು ಮೊದಲು ಇವರಿಗಾಗಿ. ಹೋಗಬಲ್ಲವರೆಲ್ಲ ಹೋಗಿಬಿಟ್ಟರೆ ಆ ಶಾಲೆಯ ಸೋರುವ ಮಾಡಿನ ಬಗ್ಗೆ ದನಿ ಎತ್ತುವವರು ಯಾರು?

ಹಿತ್ತಲ ಗಿಡ

ಉಳಿಯುವುದು ಸೋಲಲ್ಲ ಎಂಬುದಕ್ಕೆ ಮೂಡಿಗೆರೆಯಲ್ಲೇ ದೊಡ್ಡ ಸಾಕ್ಷಿಯಿದೆ. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ ಮೈಸೂರಿನಲ್ಲಿ ಎಂ.ಎ. ಮುಗಿಸಿದವರು. ಮನಸ್ಸು ಮಾಡಿದ್ದರೆ ಕಾಲೇಜಿನ ನೌಕರಿ ದೂರವಿರಲಿಲ್ಲ. ಅವರು ಬಂದದ್ದು ಈ ತಾಲ್ಲೂಕಿಗೆ, ತೋಟ ಮಾಡಲು. 2007ರ ಏಪ್ರಿಲ್ 5ರಂದು ತೀರಿಕೊಳ್ಳುವವರೆಗೂ ಇಲ್ಲೇ ಇದ್ದರು. 1980ರಲ್ಲಿ ಬಂದ ಅವರ 'ಕರ್ವಾಲೊ' ಕಾದಂಬರಿಯಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಡುವ ವಿಜ್ಞಾನಿಗೆ ಹಳ್ಳಿಯ ಮಂದಣ್ಣ ಬೇಕಾಗುತ್ತಾನೆ. ಊರವರ ಕಣ್ಣಿಗೆ ಮಂದಣ್ಣ ಶತದಡ್ಡ. ಆದರೆ ಕಾಡು ಅವನಿಗೆ ಗೊತ್ತು. ಹಕ್ಕಿಯ ಛಾಯಾಚಿತ್ರ, ಮೀನು ಶಿಕಾರಿ, ಕಂಪ್ಯೂಟರಿನಲ್ಲಿ ಕನ್ನಡ, ಹೀಗೆ ಜಗತ್ತಿನ ಕುತೂಹಲವನ್ನೆಲ್ಲ ತೇಜಸ್ವಿ ಈ ಊರಿಗೇ ತಂದುಕೊಂಡರು. ಈಗ ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ. ಎಲ್ಲೆಲ್ಲಿಂದಲೋ ವಿದ್ಯಾರ್ಥಿಗಳು ಬರುತ್ತಾರೆ.

ಎಲ್ಲರೂ ತೇಜಸ್ವಿಯಾಗಲಾರರು, ನಿಜ. ಅವರಂತೆ ತೋಟ ಕೊಳ್ಳುವ ಅನುಕೂಲವೂ ಎಲ್ಲರಿಗಿಲ್ಲ. ಆದರೆ ಹಿತ್ತಲ ಗಿಡ ಮದ್ದಲ್ಲ ಎಂದು ಮಕ್ಕಳಿಗೆ ಹೇಳಿಕೊಟ್ಟವರು ನಾವೇ ಅಲ್ಲವೆ? ಹೊಯ್ಸಳರ ಮೂಲ ನೆಲೆಯಾದ ಸೊಸೆವೂರು, ಇದೇ ತಾಲ್ಲೂಕಿನ ಇಂದಿನ ಅಂಗಡಿ ಗ್ರಾಮ. ಸಳ ಹುಲಿಯನ್ನು ಕೊಂದ ಕತೆಯನ್ನು ಪಾಠದಲ್ಲಿ ಓದಿ ಅಂಕ ಗಳಿಸಿದ ಎಷ್ಟು ಮಕ್ಕಳು ಆ ಊರನ್ನು ನೋಡಿದ್ದಾರೆ? ಬಾಬಾಬುಡನ್ ತಂದರೆನ್ನುವ ಏಳು ಕಾಫಿ ಬೀಜಗಳ ಕತೆ ಬಾಯಿಪಾಠ. ತಮ್ಮದೇ ತೋಟದ ಗಿಡಕ್ಕೆ ನೆರಳು ಎಷ್ಟು ಬೇಕು, ಕಾಂಡಕೊರಕ ಹುಳು ಹೇಗೆ ಹೊಕ್ಕುತ್ತದೆ ಎಂದು ಕೇಳಿದರೆ ಮೌನ.

ಮಕ್ಕಳು ಹೋಗಲಿ. ಓದಬೇಕು, ನಾಲ್ಕು ಊರಿನ ನೀರು ಕುಡಿಯಬೇಕು. ಅವರನ್ನು ತಡೆಯುವುದು ಬೇಡ. ಆದರೆ 'ಇಲ್ಲಿ ಏನಿದೆ?' ಎಂಬ ಮಾತನ್ನು ಬ್ಯಾಗಿಗೆ ತುಂಬಿ ಕಳಿಸುವುದೂ ಬೇಡ. ಹೊರಡುವ ಮೊದಲು ತೋಟದ ಜಮಾಖರ್ಚನ್ನು ಒಮ್ಮೆ ಮಕ್ಕಳ ಮುಂದೆ ಬಿಚ್ಚಿಡಿ, ನಷ್ಟದ ವರ್ಷವನ್ನೂ ತೋರಿಸಿ. ಊರಲ್ಲೇ ಓದುತ್ತೇನೆ ಎಂದವನಿಗೆ ಅವಮಾನ ಮಾಡಬೇಡಿ. ಹೋದವರು ತಿರುಗಿ ಬಂದರೆ, 'ಯಾಕೆ ಬಂದೆ?' ಎಂದು ಕೇಳಬೇಡಿ.

ಮಂಗಳೂರಿನ ಹಾಸ್ಟೆಲಿನಲ್ಲಿ ಮಾರ್ಚಿ ತಿಂಗಳ ಸೆಕೆ. ನಾಳೆ ಪರೀಕ್ಷೆ. ರಾತ್ರಿ ಊಟ ಮುಗಿಸಿ ಮನೆಗೆ ಫೋನು ಮಾಡುವ ಕಾಫಿ ಸೀಮೆಯ ಹುಡುಗ ಮೊದಲು ಕೇಳುವುದು ಇದನ್ನೇ: 'ಮಳೆ ಬಂತಾ ಅಪ್ಪಾ? ಎಷ್ಟು ಸೆಂಟು?'