ಕಳೆದುಹೋದ ಪೊಟ್ಟಣವೂ ತಪ್ಪು ತಿಳಿದ ಗಣಕವೂ

ದೂರದ ಗಣಕಕ್ಕೆ ನಾವು ಕಳುಹುವ ಸಂದೇಶವು ಇಡಿಯಾಗಿ ಹೋಗದೆ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಸಾಗುತ್ತದೆ. ಮುಟ್ಟಿದ ಪೊಟ್ಟಣಗಳಿಗೆ ಆಚೆಯಿಂದ ರಸೀತಿ ಬರಬೇಕು. ಬಾರದಿದ್ದರೆ ಮರಳಿ ಕಳುಹಬೇಕು. ಟಿಸಿಪಿ ಎಂಬ ಕಟ್ಟಳೆಯ ಕ್ರಮವಿದು.

1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ, ಪ್ರಯೋಗಶಾಲೆಗೂ ವಿಶ್ವವಿದ್ಯಾನಿಲಯಕ್ಕೂ ನಡುವಣ ಕೇವಲ 400 ಗಜದ ದಾರಿಯಲ್ಲಿ, ಸೆಕೆಂಡಿಗೆ 32,000 ಬಿಟ್‌ಗಳಷ್ಟಿದ್ದ ವೇಗವು 40ಕ್ಕೆ ಕುಸಿಯಿತು. ಪೊಟ್ಟಣಗಳ ನೂಕುನುಗ್ಗಲೇ ಇದಕ್ಕೆ ಕಾರಣ. ಪೊಟ್ಟಣ ಕಳೆದೊಡನೆ ಕಳುಹುವ ಗಣಕವು ವೇಗವನ್ನು ತಗ್ಗಿಸಬೇಕೆಂಬ ಉಪಾಯವನ್ನು ವ್ಯಾನ್ ಜೇಕಬ್ಸನ್ನರು 1988ರಲ್ಲಿ ಪ್ರಕಟಿಸಿದರು.

ತಂತಿಯ ದಾರಿಗೆ ಇದು ಸರಿಯೇ. ಆದರೆ ನಿಸ್ತಂತು ದಾರಿಯಲ್ಲಿ ಗೋಡೆಯೊಂದು ಅಡ್ಡಬಂದು ಅಲೆಯು ಕ್ಷೀಣಿಸಿದರೂ ಸಾಕು, ಪೊಟ್ಟಣ ಕೆಡುತ್ತದೆ. ಗಣಕವಾದರೋ ಇದನ್ನೂ ನೂಕುನುಗ್ಗಲೆಂದೇ ಬಗೆಯುತ್ತದೆ! ಹಾದಿ ತೆರವಾಗಿದ್ದರೂ ಎತ್ತುಗಳ ಹಗ್ಗ ಜಗ್ಗಿ ಹಿಡಿದ ಗಾಡಿಯವನ ಪಾಡು ಅದರದು.

ಅದೇ ಬರ್ಕ್‌ಲಿಯಲ್ಲಿ 1995ರಲ್ಲಿ ಹರಿ ಬಾಲಕೃಷ್ಣನ್ ಮತ್ತು ಅವರ ಸಂಗಡಿಗರು, ತಂತಿಯ ದಾರಿ ಮುಗಿದು ಗಾಳಿಯ ದಾರಿ ತೊಡಗುವ ನೆಲೆಯಲ್ಲಿ 'ಸ್ನೂಪ್' ಎಂಬ ಕಾವಲನ್ನಿಟ್ಟರು. ಹಾದುಹೋಗುವ ಪೊಟ್ಟಣಗಳ ನಕಲನ್ನು ಅದು ತನ್ನಲ್ಲಿ ಇರಿಸಿಕೊಳ್ಳುತ್ತದೆ. ಗಾಳಿಯಲ್ಲಿ ಕಳೆದುದನ್ನು ತಾನೇ ಮರಳಿ ಕಳುಹುತ್ತದೆ. ನಷ್ಟದ ಸುದ್ದಿಯನ್ನು ಮೂಲ ಗಣಕಕ್ಕೆ ಮುಟ್ಟಗೊಡುವುದಿಲ್ಲ. ಹೀಗಾಗಿ ಅದರ ವೇಗವೂ ತಗ್ಗದು. ಪೊಟ್ಟಣದ ತಲೆಬರಹವನ್ನೂ ಗುಪ್ತಲಿಪಿಯಲ್ಲಿ ಮುಚ್ಚಿದ್ದರೆ ಮಾತ್ರ ಈ ಕಾವಲುಗಾರನು ಕುರುಡನೇ ಸರಿ.